ಇಸಿದ್ರೊನನ್ನು ಮನೆ ಸೇರಿಸಿದ್ದು

ಬಾಗಿಲು ತೆಗೆದೇ ಇರಲಿ, ಸೆಕೆ. ಆದರೆ ನಡುವೆ ಯಾರೂ ಎದ್ದು ಹೋಗಬೇಡಿ… ಇದು ನನ್ನ ಚಿಕ್ಕಮ್ಮನ ಮಗಳು ದಿವಿನಾಗೆ ಆಗಿದ್ದು. ಅಲ್ಲಿ ಇಲ್ಲಿ ಕೇಳಿದ ಕತೆಯಲ್ಲ. ನಗೋರು ಈಗಲೇ ನಕ್ಕು ಮುಗಿಸಿಬಿಡಿ.

ಇಸಿದ್ರೊ ಮನೆಯಿಂದ ಅವಳು ಹೊರಟಾಗ ಸರಿರಾತ್ರಿ. ಇಸಿದ್ರೊ ಅವಳ ಆಫೀಸಿನವನು, ಅವಳಿಗೆ ಕೈಹಿಡಿದು ಕೆಲಸ ಕಲಿಸಿದವನು. ಸೇತುವೆ ಮೇಲಿಂದ ಜಾರಿ ಬಿದ್ದು ಆಸ್ಪತ್ರೆಯಲ್ಲೇ ಹೋಗಿಬಿಟ್ಟ. ಅವನ ಶವಪೆಟ್ಟಿಗೆ ಮುಂದಿನ ಕೋಣೆಯಲ್ಲಿ ಹೂವಿನ ನಡುವೆ ಇತ್ತು. ಅಂಗಳದಲ್ಲಿ ಹೆಣ ಕಾಯೋ ಜಾಗರಣೆಗೆ ಬಂದವರು ಕಾಫಿ ಕುಡೀತಾ ಇಸ್ಪೀಟು ಆಡುತ್ತಿದ್ದರು. ಸಾವಿನ ಮನೆಯವರು ಬಂದವರನ್ನ ಬಾಗಿಲ ತನಕ ಕಳಿಸಿಕೊಡೋ ಹಾಗಿಲ್ಲ, ಹಾಗಾಗಿ ಹೆಂಡತಿ ಲೋರ್ನಾ ಕೂತಲ್ಲಿಂದ ಏಳಲಿಲ್ಲ. ಮಗಳು ಜಿಂಗ್‌ಜಿಂಗ್ ಮಾತ್ರ ಹೊಸ್ತಿಲ ಮೇಲೆ ಕೂತು ರಸ್ತೆ ನೋಡುತ್ತಿತ್ತು. ಸೇತುವೆಗೆ ಹೊರಡುವಾಗ ಅಪ್ಪ, ರಾತ್ರಿ ಬಂದು ನಾನೇ ಮಲಗಿಸ್ತೀನಿ ಅಂದಿದ್ದನಂತೆ. ಒಳಗೆ ಮಲಗಿರೋನೇ ನಿಮ್ಮಪ್ಪ ಅಂತ ಯಾರು ಹೇಳಿದರೂ ಮಗು ಒಪ್ಪಲಿಲ್ಲ. ಏಳು ವರ್ಷದ ಕೂಸು, ಅದಕ್ಕೇನು ಗೊತ್ತು.

ದಾರಿಯಲ್ಲಿ ಹಾಳು ಬಾವಿ. ಬಾವಿಯ ಮೇಲಕ್ಕೇ ಬಾಗಿಕೊಂಡ ಆಲದ ಮರ. ಅದನ್ನ ದಾಟುವಾಗ ನಮ್ಮ ಕಡೆ ಎಂಥ ಗಟ್ಟಿಗನೂ ಬಾಯಿ ಮುಚ್ಚಿಕೊಂಡು ದಾಟೋದಿಲ್ಲ. ಮರದಲ್ಲಿರೋರಿಗೆ ಒಂದು ಮಾತು ಹೇಳಿಯೇ ದಾಟಬೇಕು. ದಿವಿನಾ ತಲೆ ತಗ್ಗಿಸಿ ಪಿಸುಗುಟ್ಟಿದಳು.

"ದಾರಿ ಬಿಡಿ ಸ್ವಾಮಿ… ಹಾದು ಹೋಗೋಳು ನಾನು."

ಆಗ ಹಿಂದಿನಿಂದ ಸದ್ದು ಬಂತು. ಚಟ್… ಕರ್ರ್… ಚಟ್… ಕರ್ರ್… ಒಂದು ಚಪ್ಪಲಿ ಹಿಮ್ಮಡಿಗೆ ಹೊಡೆದುಕೊಳ್ಳೋದು, ಇನ್ನೊಂದು ರಸ್ತೆ ಕೆರೆಯೋದು. ಇಸ್ಪೀಟಿನವರಲ್ಲಿ ಯಾರೋ ಮನೆಗೆ ಹೊರಟಿರಬೇಕು ಅಂದುಕೊಂಡು ತಿರುಗಿ ನೋಡಿದಳು. ರಸ್ತೆ ಖಾಲಿ.

ಅಷ್ಟರಲ್ಲಿ ಫೋನು. ಅವಳ ಕಂಪನಿಯ ಯಜಮಾನ ಆರ್ತುರೊ. ಕಂಪನಿ ಅಂದರೆ ದೊಡ್ಡದೇನಲ್ಲ, ಬೇಕರಿ ಮೇಲಿನ ಮಹಡಿಯಲ್ಲಿ ಬೆರಳೆಣಿಕೆಯ ಜನ. ಸೇತುವೆಗಳಿಗೆ ಪುಟ್ಟ ಡಬ್ಬಿ ಕಟ್ಟುತ್ತಾರೆ. ಹೊಳೆ ಏರಿದರೆ ಡಬ್ಬಿ ಊರವರ ಫೋನಿಗೆಲ್ಲ ಎಚ್ಚರಿಕೆ ಕಳಿಸುತ್ತೆ. ಆ ಡಬ್ಬಿಗಳನ್ನ ಕೈಯಾರೆ ಬೆಸೆಯುತ್ತಿದ್ದವನು ಇಸಿದ್ರೊ. ಬೆಳಗಾದರೆ ಪ್ರಾಂತ್ಯದ ಅಧಿಕಾರಿಗಳು ನೋಡೋಕೆ ಬರೋರು, ಅವರು ಹೂಂ ಅಂದರೆ ನಮ್ಮ ನೆಗ್ರೋಸ್ ದ್ವೀಪದ ಹೊಳೆಹೊಳೆಗೂ ಇವರದೇ ಡಬ್ಬಿ. ಅಂಥ ಹೊತ್ತಲ್ಲಿ ಡಬ್ಬಿಗಳೆಲ್ಲ ಬಾಯಿ ಕಟ್ಟಿ ಕೂತಿವೆ, ಈ ಕ್ಷಣ ಬಾ ಅಂದ ಆರ್ತುರೊ.

ದಿವಿನಾ ತಪ್ಪು ಮಾಡಿದ್ದು ಇಲ್ಲೇ. ಸಾವಿನ ಮನೆಯಿಂದ ನೆಟ್ಟಗೆ ಮನೆಗೆ ಹೋಗಬಾರದು. ಫಿಲಿಪೀನ್ಸಿನಲ್ಲಿ ಯಾವ ಮೂಲೆಯ ಮಗುವನ್ನ ಕೇಳಿದರೂ ಇದನ್ನ ಹೇಳುತ್ತೆ. ನಡುವೆ ಎಲ್ಲಾದರೂ ನಿಂತು, ಒಂದು ಬಟ್ಟಲು ಗಂಜಿನೋ ಕಾಫಿನೋ ಕುಡಿದು, ಮೈ ಕೊಡವಿಕೊಂಡು ಹೊರಡಬೇಕು. ಬೆನ್ನಿಗೆ ಬಿದ್ದು ಬಂದವರು ಅಲ್ಲೇ ಉಳೀತಾರೆ, ಮನೆ ಹೊಸ್ತಿಲು ಮೆಟ್ಟೋದಿಲ್ಲ. ಉಳಿದವರೆಲ್ಲ ಚೌಕದ ಗಂಜಿ ಅಂಗಡಿಗೆ ಹೋಗಿದ್ದರು. ದಿವಿನಾ ಅವಸರದಲ್ಲಿ, ಆಫೀಸೇನು ನನ್ನ ಮನೆಯಾ, ಅಲ್ಲೇ ಕೊಡವಿಕೊಂಡರಾಯ್ತು ಅಂದುಕೊಂಡಳು. ಬೇಕರಿಯ ಮೆಟ್ಟಿಲು ಹತ್ತಿ ಆಫೀಸಿನ ಬಾಗಿಲಲ್ಲಿ ನಿಂತು ಜಾಕೀಟು ಬಿಚ್ಚಿ ಪಟ್ ಪಟ್ ಅಂತ ಕೊಡವಿದಳು.

ಒಳಗೆ ಹೋಗಿ ಕೆಲಸಕ್ಕೆ ಕೂತಳು. ಆರ್ತುರೊ ಪಕ್ಕದಲ್ಲಿ ತೂಕಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ…

ಟೊಂಯ್… ಟೊಂಯ್… ಟಿಂಗ್.

ಹಾಜರಿಗೆ ಬೆರಳು ಒತ್ತೋ ಯಂತ್ರ ಅದು. ಎಲ್ಲರ ಬೆರಳಿಗೂ ಒಂದೇ ಸಲಕ್ಕೆ ಟಿಂಗ್ ಅನ್ನುತ್ತೆ. ಬೆಸುಗೆಯ ಬಿಸಿಗೆ ಬೆಂದು ಬೆಂದು ಇಸಿದ್ರೊನ ಹೆಬ್ಬೆರಳ ಗೆರೆ ಅಳಿಸಿಹೋಗಿತ್ತು. ಯಂತ್ರ ಅವನನ್ನ ದಿನಾ ಎರಡು ಸಲ ಬೇಡ ಅಂದು, ಮೂರನೇ ಸಲ ಒಳಗೆ ಬಿಡುತ್ತಿತ್ತು. ಆರ್ತುರೊನ ತೂಕಡಿಕೆ ಹಾರಿಹೋಯ್ತು. ಇಬ್ಬರೂ ಬಾಗಿಲ ಕಡೆ ನೋಡಲಿಲ್ಲ. ಮೂಲೆಯಲ್ಲಿ ಇಸಿದ್ರೊನ ಕುರ್ಚಿ ಕಿರ್… ಅಂತು. ಗೋಡೆಯ ಪರದೆ ಮೇಲೆ ಸತ್ತು ಮಲಗಿದ್ದ ಡಬ್ಬಿಗಳ ದೀಪ ಒಂದೊಂದೇ ಹಸಿರಾಗುತ್ತಾ ಬಂದವು…

ಅಧಿಕಾರಿಗಳು ಬಂದರು, ಮೆಚ್ಚಿದರು, ಹೂಂ ಅಂದರು. ಕಂಪನಿಯಲ್ಲಿ ಹಂದಿ ಸುಟ್ಟು ಹಬ್ಬ. ಅತ್ತ ಇಸಿದ್ರೊನ ಮಣ್ಣೂ ಆಯ್ತು. ಆದರೆ ಯಂತ್ರ ಮಾತ್ರ ದಿನಾ ರಾತ್ರಿ ಟೊಂಯ್ ಟೊಂಯ್ ಟಿಂಗ್ ಅನ್ನೋದು ನಿಲ್ಲಲಿಲ್ಲ. ಹುಡುಗರು ಹೊತ್ತು ಮುಳುಗೋ ಮೊದಲೇ ಜಾಗ ಖಾಲಿ ಮಾಡೋಕೆ ಶುರು ಮಾಡಿದರು. ವಾರಕ್ಕೆ ನಾಲ್ಕು ಸಲ ಕೆಡುತ್ತಿದ್ದ ಡಬ್ಬಿಗಳು ಈಗ ಒಂದೂ ಕೆಡುತ್ತಿರಲಿಲ್ಲ. ಆರ್ತುರೊ ಮೊದಲೆರಡು ದಿನ ಚರ್ಚಿನ ತೀರ್ಥ ಚಿಮುಕಿಸಿದ. ಆಮೇಲೆ ಅದನ್ನೂ ಬಿಟ್ಟ.

ಸತ್ತವರಿಗೆ ಮಾಡೋ ಒಂಬತ್ತು ರಾತ್ರಿಯ ಪ್ರಾರ್ಥನೆ ಮುಗಿಯೋ ದಿನ ದಿವಿನಾ ಇಸಿದ್ರೊ ಮನೆಗೆ ಹೋದಳು. ಜಪದ ಮಣಿ ಹಿಡಿದ ಮುದುಕಿಯರೆಲ್ಲ ಎದ್ದು ಹೋದ ಮೇಲೆ ಲೋರ್ನಾ ಅವಳ ಕೈ ಹಿಡಿದುಕೊಂಡಳು.

"ಸತ್ತೋರು ಎಲ್ಲರ ಮನೆಗೂ ಬಂದು ಹೋಗ್ತಾರೆ ಕಣೇ. ಒಂದು ವಾಸನೆನೋ, ಒಂದು ಸದ್ದೋ… ನಮ್ಮೋರು ಬರ್ಲೇ ಇಲ್ಲ. ಇವಳು ಬಾಗಿಲು ಹಾಕೋಕೆ ಬಿಡ್ತಿಲ್ಲ, ಕಣ್ಣು ಮುಚ್ತಿಲ್ಲ. ಕೂತಲ್ಲೇ ಬೀಳ್ತಾಳೆ, ಮತ್ತೆ ಎದ್ದು ಕೂರ್ತಾಳೆ. ನಾನೇನ್ ಮಾಡ್ಲಿ ದಿವಿನಾ?"

ಜಿಂಗ್‌ಜಿಂಗ್ ಅದೇ ಹೊಸ್ತಿಲ ಮೇಲಿತ್ತು. ಕಣ್ಣು ಗುಳಿ ಬಿದ್ದಿತ್ತು. ಇಸಿದ್ರೊ ಎಲ್ಲಿದ್ದಾನೆ ಅಂತ ದಿವಿನಾಗೆ ಗೊತ್ತು. ಅಲ್ಲಿಗೆ ಕರೆದುಕೊಂಡು ಹೋಗಿ ಕೊಡವಿ ಬಂದವಳು ಅವಳೇ. ಸತ್ತವರು ನಲವತ್ತನೇ ದಿನಕ್ಕೆ ಈ ಲೋಕದ ಋಣ ಹರಿದುಕೊಂಡು ಹೊರಟುಬಿಡುತ್ತಾರೆ. ಆಮೇಲೆ ಕರೆದರೂ ಇಲ್ಲ. ಅಷ್ಟು ದಿನ ಆ ಕೂಸು ಹೀಗೇ ಕೂತರೆ ಅದೂ ಉಳಿಯೋದಿಲ್ಲ ಅನ್ನಿಸಿ ಅವಳಿಗೆ ಅಳುವೇ ಬಂತು.

ನೆಟ್ಟಗೆ ಆಫೀಸಿಗೆ ಹೋದಳು. ಆರ್ತುರೊ ಒಬ್ಬನೇ ಇದ್ದ. ಇಸಿದ್ರೊನನ್ನ ಮನೆಗೆ ಕರ್ಕೊಂಡ್ ಹೋಗ್ತೀನಿ ಅಂದಳು. ಆರ್ತುರೊ ದನಿ ತಗ್ಗಿಸಿದ.

"ಇರ್ಲಿ ಬಿಡಮ್ಮ. ಊಟ ಕೇಳ್ತಾನಾ, ರಜೆ ಕೇಳ್ತಾನಾ? ಮಳೆಗಾಲ ಒಂದು ಕಳೀಲಿ."

"ಮಗು ಕಾಯ್ತಿದೆ ಸರ್."

ಆರ್ತುರೊ ನಾಚಿಕೆಗೋ ಭಯಕ್ಕೋ, ಎದ್ದು ಕಿಟಕಿಗೆ ಮುಖ ಮಾಡಿ ನಿಂತ. ದಿವಿನಾ ಮೂಲೆಯ ಕುರ್ಚಿ ಹತ್ತಿರ ಹೋದಳು. ಬೇಕರಿಯ ಬಿಸಿ ಮೇಲಕ್ಕೆ ಬಂದು ಕೋಣೆಯೆಲ್ಲ ಕಾದಿತ್ತು, ಅಲ್ಲಿ ಮಾತ್ರ ತಣ್ಣಗೆ.

"ಅಣ್ಣಾ… ಏಳಿ. ಮನೆಗೆ ಹೋಗೋಣ. ಎಲ್ಲೂ ನಿಲ್ಲೋದಿಲ್ಲ ನಾನು."

ಕುರ್ಚಿ ಕಿರ್… ಅಂತು. ಬಾಗಿಲಲ್ಲಿ ಟೊಂಯ್… ಟೊಂಯ್… ಟಿಂಗ್. ಮೆಟ್ಟಿಲ ಮೇಲೆ ಚಟ್… ಕರ್ರ್…

ಈಗ ಲೆಕ್ಕ ಉಲ್ಟಾ ನೋಡಿ. ಎಲ್ಲಿ ನಿಂತರೆ ಅಲ್ಲೇ ಉಳಿದುಬಿಡುತ್ತಾನೆ. ಎಲ್ಲೂ ನಿಲ್ಲೋ ಹಾಗಿಲ್ಲ, ಮೈ ಕೊಡವೋ ಹಾಗಿಲ್ಲ. ಚೌಕದಲ್ಲಿ ಗಂಜಿ ಅಂಗಡಿಯಾಕೆ ಕರೆದಳು, ದಿವಿನಾ ಓಗೊಡಲಿಲ್ಲ. ಆಟೋದವನೊಬ್ಬ ಎಲ್ಲಿಗಕ್ಕಾ ಅಂತ ಪಕ್ಕದಲ್ಲೇ ನಿಧಾನಕ್ಕೆ ಬಂದ. ಅವಳ ಹಿಂದೆ ಏನು ಕಂಡನೋ, ಗೇರು ಬದಲಾಯಿಸಿ ಹೊರಟೇಹೋದ. ಅಲ್ಲಿಂದ ಮುಂದೆ ನಮ್ಮ ಚಿಕ್ಕಮ್ಮನ ಮನೆ. ಕಿಟಕಿಯಲ್ಲಿ ದೀಪ, ಚಿಕ್ಕಮ್ಮ ಎದ್ದೇ ಇದ್ದಳು. ಎಲ್ಲಿಗೆ ಹೋಗ್ತಿದ್ದೀಯೇ ಅಂತ ಕೂಗಿದಳು. ದಿವಿನಾಗೆ ಆಗ ಆದಷ್ಟು ಹೆದರಿಕೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲವಂತೆ. ಅಪ್ಪಿತಪ್ಪಿ ಕಾಲು ಆ ಕಡೆ ತಿರುಗಿದರೆ ಅವನು ಆ ಮನೆಯೊಳಗೇ. ಹೆತ್ತ ತಾಯಿಯ ಮುಖ ನೋಡದೆ ದಾಟಿದಳು. ಚಪ್ಪಲಿಯ ಬಾರು ಫಟ್ ಅಂತ ಕಿತ್ತಿತು. ಬಗ್ಗಲಿಲ್ಲ, ಎರಡನ್ನೂ ಬಿಟ್ಟು ಬರಿಗಾಲಲ್ಲಿ ನಡೆದಳು.

ಆಲದ ಮರ ಬಂತು. "ದಾರಿ ಬಿಡಿ ಸ್ವಾಮಿ… ಹಾದು ಹೋಗೋಳು ನಾನು" ಅಂದಳು, ಬಾಯಿಪಾಠದ ಹಾಗೆ.

ಹಿಂದಿನ ಸದ್ದು ನಿಂತುಹೋಯ್ತು.

ಬಾವಿಯೊಳಗೆ ನೀರು ಗುಳುಕ್… ಅಂತು. ಮರದ ಮೇಲೆ ಎಲೆ ಸರಸರ ಸರಿದವು, ಗಾಳಿ ಇರಲಿಲ್ಲ. ಅವಳು ನಿಲ್ಲೋ ಹಾಗಿಲ್ಲ, ಅವನು ಬರುತ್ತಿಲ್ಲ. ಕಾಲು ಮುಂದಿಡುತ್ತಲೇ ಅವಳಿಗೆ ಹೊಳೆಯಿತು… ಆವತ್ತು ಅವನಿನ್ನೂ ಮಣ್ಣಾಗಿರಲಿಲ್ಲ, ಮರದೋರು ಬಿಟ್ಟಿದ್ದರು; ಈಗ ಅವಳು ಒಬ್ಬಳಿಗೆ ಮಾತ್ರ ದಾರಿ ಕೇಳಿದ್ದಳು.

"ಸ್ವಾಮಿ… ಇಬ್ಬರಿದ್ದೀವಿ."

ಒಂದು ಹೆಜ್ಜೆ. ಎರಡು. ಮೂರು… ಚಟ್… ಕರ್ರ್…

ಲೋರ್ನಾ ಬಾಗಿಲಲ್ಲೇ ನಿಂತಿದ್ದಳು. ಮಗು ಕೂತಲ್ಲೇ ಬಿದ್ದಿತ್ತು, ಆಗಷ್ಟೇ ಎತ್ತಿ ಒಳಗೆ ಮಲಗಿಸಿದ್ದಳು. ದಿವಿನಾಳ ಬರಿಗಾಲು ನೋಡಿದಳು, ಆಮೇಲೆ ಅವಳ ಹೆಗಲಾಚೆ ನೋಡಿದಳು. "ಒಬ್ಳೇ ಬಂದ್ಯಾ?" ಅಂತ ಪಿಸುಗುಟ್ಟಿದಳು. ದಿವಿನಾ ಒಳಗೆ ಬಂದು, ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಇಬ್ಬರೂ ಅಡಿಗೆಮನೆಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಬೆಳಗಿನ ತನಕ ಕೂತರು. ಮಗು ಮಲಗಿದ್ದ ಕೋಣೆಗೆ ಇಬ್ಬರೂ ಕಾಲಿಡಲಿಲ್ಲ.

ಬೆಳಿಗ್ಗೆ ಹೋದವಳು ನಾನು. ರಸ್ತೆಯಲ್ಲಿ ಅವಳ ಚಪ್ಪಲಿ ಬಿದ್ದಿದೆ ಅಂತ ಚಿಕ್ಕಮ್ಮ ಬಡಕೊಳ್ಳುತ್ತಿದ್ದಳು, ಹುಡುಕಿಕೊಂಡು ಹೋದೆ. ಮಗು ಎಲ್ಲಿ ಅಂದೆ. ಸೊಳ್ಳೆಪರದೆ ಸುಮ್ಮನೆ ಇಳಿಬಿಟ್ಟು ಬಂದಿದ್ದೀನಿ, ಸಿಗಿಸೋಕೂ ಕೈಲಾಗಲಿಲ್ಲ, ಸೊಳ್ಳೆ ಮುತ್ತಿರುತ್ತೆ ನೋಡು ಅಂದಳು ಲೋರ್ನಾ. ಹೋಗಿ ನೋಡಿದೆ. ಜಿಂಗ್‌ಜಿಂಗ್ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿತ್ತು. ಪರದೆಯ ನಾಲ್ಕೂ ಅಂಚು ಹಾಸಿಗೆಯ ಅಡಿಗೆ ಸಿಗಿಸಿತ್ತು, ಬಿಗಿಯಾಗಿ, ಒಂದು ಬೆರಳೂ ತೂರದ ಹಾಗೆ. ಒಳಗೆ ಮಲಗಿದವರು ಹಾಗೆ ಸಿಗಿಸೋಕೆ ಆಗೋದಿಲ್ಲ. ಹೊರಗೆ ನಿಂತೇ ಸಿಗಿಸಬೇಕು. ನನ್ನ ಕಣ್ಣಾರೆ ನೋಡಿದ್ದೀನಿ, ನನ್ನ ಇದೇ ಕೈಯಲ್ಲಿ ಬಿಡಿಸಿದ್ದೀನಿ.