ಸೊಂಟದ ಗೆರೆ

ಜಯನಗರದ ಬಸ್ ಸ್ಟಾಪಿನಲ್ಲಿ ಪ್ರೇರಣಾಳ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರ ಕಂಕುಳಲ್ಲಿ ಆಳುದ್ದದ ಕಾಗದದ ಸುರುಳಿಯಿತ್ತು.

“ಏನ್ರೀ ಚೂಡಾಮಣಿ, ಅದು?”

“ನಮ್ಮ ಮಗಳು ಇಂಚರಳ ಚಿತ್ರ. ದಪ್ಪ ಆಗ್ತೀವಿ ಅಂತ ಹುಡುಗೀರು ಊಟ ಬಿಡಬಾರದು ಅಂತ ಬಡಾವಣೆಯವರು ಶಿಬಿರ ಮಾಡಿದ್ರಲ್ಲ? ಮಕ್ಕಳು ಹಾಳೆ ಮೇಲೆ ಮಲಗೋದು, ಅಮ್ಮಂದಿರು ಸುತ್ತ ಗೆರೆ ಎಳೆಯೋದು, ಆಮೇಲೆ ಮಕ್ಕಳೇ ಬಣ್ಣ ತುಂಬೋದು.”

“ಚೆನ್ನಾಗಿದೆಯಲ್ಲ! ಮತ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀರಾ?”

“ಸೊಂಟದ ಹತ್ರ ಗೆರೆ ಒಂಚೂರು ಒಳಗೆ ಎಳ್ದೆ ಕಣ್ರೀ. ಗೋಡೆಗೆ ಹಾಕ್ತಾರಲ್ಲ, ಚೆಂದ ಕಾಣ್ಲಿ ಅಂತ.”

“ಅಷ್ಟೇ ತಾನೇ? ಯಾರಿಗೆ ಗೊತ್ತಾಗುತ್ತೆ?”

“ಅವಳಿಗೆ ಗೊತ್ತಾಯ್ತು. ಮತ್ತೆ ಅದರ ಮೇಲೆ ಮಲಗಿ, ಹೊಟ್ಟೆ ಎಳ್ಕೊಂಡು, ‘ಅಮ್ಮ, ಈಗ ಇದರೊಳಗೆ ಹಿಡಿಸ್ತೀನಾ?’ ಅಂದ್ಲು. ನಿನ್ನೆಯಿಂದ ಬರೀ ಮಜ್ಜಿಗೆ ಕುಡ್ಕೊಂಡಿದಾಳೆ.”

ಚೂಡಾಮಣಿ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು.

“ಅದಕ್ಕೇ ಶಿಬಿರದವರ ಹತ್ರ ಇದನ್ನ ಇಸ್ಕೊಂಡು ಬಂದೆ. ಇದರ ಹಿಂದುಗಡೆ ಇವತ್ತು ನಾನೇ ಮಲಗ್ತೀನಿ. ನಾನಿರೋ ಹಾಗೇ ಗೆರೆ ಎಳಿ ಅಂತ ಅವಳಿಗೆ ಹೇಳ್ತೀನಿ.”

“ನಿಮಗೆ ಎರಡು ಹಾಳೆ ಬೇಕಾಗುತ್ತಲ್ರೀ!”

ಪ್ರೇರಣಾಳಿಗೆ ಕಿಸಕ್ಕನೆ ನಗು ಬಂದುಬಿಟ್ಟಿತು. ಚೂಡಾಮಣಿ ತಿರುಗಿ ನೋಡಿ, ಸೆರಗೆಳೆದು ಹೊಟ್ಟೆ ಮುಚ್ಚಿಕೊಂಡರು.

ಬನಶಂಕರಿ ಬಸ್ ಬಂತು. ಇಬ್ಬರೂ ಹತ್ತಿದರು. ಪ್ರೇರಣಾ ಕಾಯುತ್ತಿದ್ದುದೂ ಅದೇ ಬಸ್ಸಿಗೆ; ಆದರೆ ಅವಳು ಹತ್ತಲಿಲ್ಲ.