ಗೊಬ್ಬೂರ ಮಳ್ಯಾಗಿನ ಉಪ್ಪು

ಅಲ್ರೀ ಬಾಯಾರ, ಮಳ್ಯಾಗ ಉಪ್ಪು? ನಮ್ಮ ಗೊಬ್ಬೂರ ಮಳ್ಯಾಗ? … ಏ, ಬಿಡ್ರಿ! ಪುಣೇದಾಗ ಯಾರರ ಬಾಟ್ಲಿ ಅದಲಬದಲ ಮಾಡಿರಬೇಕು. ಹತ್ತೂರಿನ ಬಾಟ್ಲಿ ಬಂದು ಬೀಳ್ತಾವ ನಿಮ್ಮ ಪ್ರಯೋಗಶಾಲಿಗಿ… ಇಲ್ಲ? ನಮ್ಮವೇ ಅಂತೀರಿ. ಚೀಟಿ ಮ್ಯಾಲ ಸೈದಪ್ಪ ಅಂತ ನನ್ನ ಸಹೀನೇ ಅದ ಅಂತೀರಿ. ಹೂಂ… ಇದ್ದೀತು. ಮೊದಲು ಕೂಡ್ರಿ. ಅಫಜಲಪುರದಿಂದ ಆ ಬಸ್ಸಿನ್ಯಾಗ ಬಂದ್ರ ಮೈ ಹಣ್ಣಾಗಿರ್ತದ. ಚಹಾ ಕಾಸ್ಲೇನು? ಬ್ಯಾಡ? ಬ್ಯಾಡಂದ್ರ ಬ್ಯಾಡ.

ನನಗ ಹೆದರ್ಕಿ ಯಾತರದ್ರಿ! ಯಾವಾಗ್ಲೂ ಕಾಗದಾ ಹಾಕಿ ಬರೋರು ನೀವು. ಇವತ್ತು ಹೇಳದ ಕೇಳದ ಬಂದೀರಿ, ಬಂದಾಕ್ಷಣ ರಜಿಸ್ಟರ್ ತೆಗಿ ಅಂದ್ರಿ. ಅಷ್ಟು ದೊಡ್ಡ ವಿಜ್ಞಾನಿ ಬಂದು ಹಂಗಂದ್ರ ಸಾಲಿ ಜವಾನನ ಎದಿ ಡವಡವ ಅನ್ನೂದಿಲ್ಲೇನ್ರಿ?

ಕೆಲಸಾ? ಕೆಲಸಾ ನೀವು ಹೇಳಿಕೊಟ್ಟಂಗೇ ಮಾಡೀನ್ರಿ! ಎಂಬತ್ತನೇ ಇಸ್ವಿ ಮಿರಗದ ಮಳಿಗಿ ನೀವೇ ಬಂದು ಈ ಸಾಲಿ ಮಾಳಗಿ ಮ್ಯಾಲ ಲಾಳಿಕಿ ಕೂಡಿಸಿದ್ರಿ, ಅದರ ಕೆಳಗ ಬಾಟ್ಲಿ. ಮಳಿ ನಿಂತ ಕೂಡ್ಲೇ ಮ್ಯಾಲ ಏರ್ಬೇಕು. ಬಣ್ಣದ ಚೀಟಿ ಒಂದು ಆ ನೀರಾಗ ಅದ್ದಬೇಕು. ಅದು ಯಾವ ಬಣ್ಣಕ್ಕ ತಿರಗ್ತದ ಅಂತ ಡಬ್ಬಿ ಮ್ಯಾಲಿನ ಪಟ್ಟಿಗಿ ಹಿಡದು ನೋಡಿ ನಂಬರ್ ಬರೀಬೇಕು. ಆಮ್ಯಾಲ ಬಾಟ್ಲಿ ಮುಚ್ಚಿ ಪುಣೇಕ ಕಳಸಬೇಕು. ನಂಬರ್ ಇಳದಂಗ ಇಳದಂಗ ಮಳಿ ಹುಳಿ ಆಗ್ಯದ ಅಂತ ಅರ್ಥ. ಹೌದಿಲ್ರಿ? ಒಂದಕ್ಷರಾ ಮರ್ತಿಲ್ಲ ನಾ. ‘ಸೈದಪ್ಪ, ನಿಮ್ಮ ಕರಿಮಣ್ಣಿನ ಧೂಳು ಗಾಳ್ಯಾಗ ಏರಿ ಆ ಹುಳೀನ ನುಂಗಾಕತ್ತದ. ದೇಶದಾಗ ಹೊಗಿ ಹೆಚ್ಚಾದಂಗ ಇನ್ನೆಷ್ಟು ವರ್ಷ ನುಂಗ್ತದ, ಅದು ತಿಳೀಬೇಕು’ ಅಂದಿದ್ರಿ. ಊರಾಗ ಮಂದಿ ನಗ್ತಿದ್ರು, ಸೈದಪ್ಪ ಮಳೀದು ನಾಡಿ ಹಿಡದು ನೋಡ್ತಾನ ಅಂತ. ನಗವಲ್ರ್ಯಾಕ! ನಾ ಎದಿ ಉಬ್ಬಿಸಿ ತಿರಗೀನಿ ಈ ಊರಾಗ.

ಏನಂದ್ರಿ? … ಎರಡು ವರ್ಷದಿಂದ ಎಲ್ಲಾ ಏಳೇ? ಛಲೋ ಆತಲ್ರಿ! ಏಳಂದ್ರ ಹುಳೀನೂ ಅಲ್ಲ, ಸವಳೂ ಅಲ್ಲ. ಮಳಿ ಛಂದ ಅದ ಅಂದ್ರ ನಿಮಗ್ಯಾಕ ಸಿಟ್ಟು? … ನಿಮ್ಮ ಮಿಷನ್ನು ಐದೂವರಿ ತೋರಸ್ತದ? ಒಂದಕ್ಕಲ್ಲ, ಎಂಟು ಬಾಟ್ಲಿಗಿ? … ಮಿಷನ್ನೂ ಕೆಡ್ತಾವ್ರಿ ಒಮ್ಮೊಮ್ಮಿ. ಮನಷಾನೇ ಕೆಡ್ತಾನ, ಮಿಷನ್ ಯಾವ ಗಿಡದ ತಪ್ಪಲಾ!

ನಗಬ್ಯಾಡ್ರಿ ಹಂಗ. ಆ ನಗು ನನಗ ಸರಿ ಅನಸವಲ್ದು.

ಹೌದ್ರಿ, ನಿಮ್ಮ ಕಾಗದಾ ಬಂದಿತ್ತು. ‘ನಿಮ್ಮೂರ ಮಳ್ಯಾಗ ಉಪ್ಪು ಸಿಕ್ಕದ, ಅರಬ್ಬಿ ಸಮುದ್ರದ ಉಪ್ಪು ಇಷ್ಟು ದೂರ ಗಾಳಿ ಹೊತ್ತು ತಂದದ ಕಾಣಸ್ತದ’ ಅಂತ ಎಷ್ಟು ಖುಷೀಲೆ ಬರದಿದ್ರಿ! ಶರಫುದ್ದೀನ ಮಾಸ್ತರ ಓದಿ ಹೇಳಿದ್ರು… ಅಂದ್ರ, ನಾನೂ ಓದೀನಿ ಬಿಡ್ರಿ. ಮಾಸ್ತರ ಜೋರಲೆ ಓದಿದ್ರು, ಹುಡುಗರಿಗಿ ಕೇಳ್ಲಿ ಅಂತ. ಹುಡುಗರು ಚಪ್ಪಾಳಿ ಹೊಡದ್ರು. ನನಗ ನಿಂತಲ್ಲೇ ಬೆವರು ಕಿತ್ತು ಬಂತು. … ಆ ಉಪ್ಪಿನ ಮ್ಯಾಲ ನೀವು ಗಾಳಿ ನಕ್ಷಿ ತಗದೀರಿ? ಮುಂದಿನ ತಿಂಗಳು ದಿಲ್ಲ್ಯಾಗ ದೊಡ್ಡ ದೊಡ್ಡ ಮಂದಿ ಮುಂದ ಓದೋರಿದ್ದೀರಿ? ಅಯ್ಯ ಶಿವನೇ… ಅಯ್ಯ ಬಸವಣ್ಣ…

ಹೇಳ್ತೇನಿ. ಹೇಳ್ತೇನಿ, ತಡೀರಿ. ಆ ಉಪ್ಪು ಸಮುದ್ರದ್ದಲ್ರಿ. ನಂದು. ಬಾಟ್ಲ್ಯಾಗಿನ ನೀರು ಮುಚ್ಚಳಕ್ಕ ಬಗ್ಗಿಸಿ, ಬೊಟ್ಟು ಅದ್ದಿ ನಾಲಿಗಿ ಮ್ಯಾಲ ಇಟ್ಟು ನೋಡ್ತಿದ್ದೆ… ಉಳದ ನೀರು ತಿರುಗಿ ಬಾಟ್ಲ್ಯಾಗೇ ಹಾಕ್ತಿದ್ದೆ. ಚೆಲ್ಲಿದ್ರ ನಿಮಗ ನೀರು ಕಡಿಮಿ ಬೀಳ್ತದ ಅಂತ! ರೊಟ್ಟಿ, ಶೇಂಗಾ ಹಿಂಡಿ ತಿಂದ ಕೈ. ತೊಳೀತಿದ್ದೆ ಖರೇ, ಆದ್ರ ಮಳಿ ನಿಂತ ಗಡಿಬಿಡ್ಯಾಗ ಒಮ್ಮೊಮ್ಮಿ ಎಲ್ಲಿ ನೆನಪಿರ್ತದ? ತಪ್ಪಾತು. ಮಾಫ್ ಮಾಡ್ರಿ. ಪೊಲೀಸ್ರಿಗಿ ಹೇಳ್ತೀರೇನ್ರಿ? ಸರಕಾರಿ ಬಾಟ್ಲಿ ಅದು…

ಏನು? … ಬಣ್ಣದ ಚೀಟಿ ಇರೂವಾಗ ನಾಲಿಗಿ ಯಾಕ ಅಂತೀರಿ? … ಖಾತ್ರಿ ಮಾಡ್ಕೊಳಾಕ್ರಿ. ಬರೇ ಖಾತ್ರಿಗಿ. ನಾಲಿಗಿಗಿ ಸಪ್ಪ ಹತ್ತಿದ್ರ ಏಳು… ಅಂದ್ರ, ಚೀಟೀನೂ ನೋಡ್ತಿದ್ದೆ. ಎರಡೂ. … ರಜಿಸ್ಟರಿನ್ಯಾಗ ಸಾಲಿನ ಮ್ಯಾಲ ಸಾಲು ಹತ್ಯಾವ? ಅದು ನನ್ನ ಅಕ್ಷರಾನೇ ಹಂಗ್ರಿ. ಮೊದಲ ನೆಟ್ಟಗ ಇದ್ವು ಅಂದ್ರ ಮೊದಲ ಹರೇ ಇತ್ತು!

ಆತು, ಇನ್ನೊಂದು ಹೇಳಿಬಿಡ್ತೇನಿ. ಇದಾದ ಮ್ಯಾಲ ನನ್ನ ಹೊಟ್ಟ್ಯಾಗ ಏನೂ ಉಳ್ಯಾಂಗಿಲ್ಲ. ಮೊದಲಿಂದ ಚೀಟಿ ನೋಡಿದಾಕಿ ನನ್ನ ಹೆಣ್ತಿ ರೇವಮ್ಮ. ಓದಾಕ ಬರಾಕಿಯಲ್ಲ. ಆದ್ರ ಊರ ಕೌದಿ ಎಲ್ಲಾ ಆಕೀನೇ ಹೊಲೀತಿದ್ಲು. ಬಣ್ಣದಾಗ ಆಕೀಗಿ ಮೋಸ ಮಾಡೋರು ಹುಟ್ಟಿಲ್ರಿ. ನಾ ಅದ್ದಿ ಕೊಡ್ತಿದ್ದೆ, ಆಕಿ ಬೆಳಕಿಗಿ ಹಿಡದು ಹೇಳ್ತಿದ್ಲು. ‘ಕುಸುಬಿ ಹೂವಾ’ ಅಂದ್ರ ನಾ ಐದು ಬರ್ಯಾಂವ. ‘ತೊಗರಿ ಹೂವಾ’ ಅಂದ್ರ ಆರು. ‘ಜ್ವಾಳದ ಗರಿ’ ಅಂದ್ರ ಏಳು. ಒಂದಿನ ಜಗಳಾನೇ ತಗದ್ಲು: ‘ಇದು ತೊಗರಿ ಹೂವಾ ಅಲ್ಲ, ಬಾಡಿದ ತೊಗರಿ ಹೂವಾ, ಇದಕ್ಕ ನಿನ್ನ ಕಡೆ ನಂಬರ್ ಇಲ್ಲೇನು?’ ಅಂತ. ಐದೂವರಿ ಬರದೆ. ನೀವು ಪುಣೇದಿಂದ ಶಾಬಾಸ್ ಬರದಿದ್ರಿ, ನಮ್ಮ ಮಿಷನ್ನಿಗಿ ಬರೋಬ್ಬರಿ ಕೂಡ್ತು ಸೈದಪ್ಪ ಅಂತ. ಆಕೀಗಿ ಓದಿ ಹೇಳಿದೆ. ನಕ್ಕು, ಹೋಗ್ ಹೋಗ್ ಅಂದ್ಲು.

ಆಕಿ ತೀರಕೊಂಡು ಈ ಶ್ರಾವಣಕ್ಕ ಎರಡು ವರ್ಷ.

ಅವತ್ತಿಂದ ಯಾರು ನೋಡ್ತಾರ ಅಂದ್ರ? ನಾನೇ! ಮತ್ಯಾರು? ನನಗೇನಾಗ್ಯದ? ಹನ್ನೊಂದು ಮೆಟ್ಟಿಲಾ ಏರ್ತೇನಿ, ಇಳೀತೇನಿ, ಗಂಟಿ ಹೊಡೀತೇನಿ, ಕಸಾ ಹೊಡೀತೇನಿ. ಕೊಡ್ರಿ ಬೇಕಾದ್ರ ಒಂದು ಚೀಟಿ. ಈಗ ಬಂದು ಹ್ವಾದ ಮಳ್ಯಾಗ ಅದ್ದೀರೇನು? ತರ್ರಿ ಇಲ್ಲೆ. ನಿಮ್ಮ ಕಣ್ಣ ಮುಂದೇ ಹೇಳ್ತೇನಿ… ಹಾಂ. ಜ್ವಾಳದ ಗರಿ. ಏಳು ಬರ್ಕೋರಿ.

… ಪೆನ್ನಿನ ಸಪ್ಪಳಾ ಕೇಳವಲ್ದಲ್ರಿ?

ಥೋಡೆ ಹಳದಿ ಹೊಡೀತದ, ಹೌದು. ಆರು ಅನ್ರಿ. ಆರು. … ಆರೂ ಅಲ್ಲ? ಏನರ ಅನ್ರಲ್ಲ ಬಾಯಾರ! ಮೋಡ ಮುಸುಕ್ಯಾವ, ಬೆಳಕಿಲ್ಲ, ಇಂಥಾದ್ರಾಗ ಯಾರಿಗಿ ಬಣ್ಣಾ ತಿಳೀತದ? ಕುಸುಬಿ ಹೂವಾ ಇದ್ದಂಗದ… ಐದು. ಐದೇ. ಖರೇ ಐದು… ಮತ್ತ ಮಳಿ ಹಿಡೀತು ನೋಡ್ರಿ. ಈ ಪಡಸಾಲಿ ತಗಡಿನ ಸಪ್ಪಳದಾಗ ಒಬ್ಬರದು ಒಬ್ಬರಿಗಿ ಕೇಳಂಗಿಲ್ಲ. ನಾ ಜೋರಲೆ ಮಾತಾಡ್ತೇನಿ.

ಲಾಳಿಕಿ ಕಿತ್ತುಕೊಂಡು ಹೋಗಬ್ಯಾಡ್ರಿ ಬಾಯಾರ! ಕೈ ಮುಗೀತೇನಿ. ಇನ್ನ ಮ್ಯಾಲ ಬೊಟ್ಟು ಅದ್ದಂಗಿಲ್ಲ, ಬಾಟ್ಲಿಗಿ ಉಸರೂ ತಾಗಸಂಗಿಲ್ಲ. ಮಾಸ್ತರಿಗಿ ಹೇಳಬ್ಯಾಡ್ರಿ. ಜೇವರ್ಗ್ಯಾಗ ಮಗಳು ಗಂಗಾಬಾಯಿ ಅದಾಳ, ಆಕೀಗಿ ಗೊತ್ತಾದ್ರ ಮರುದಿನಾನೇ ಬಂದು ಕರಕೊಂಡು ಹೋಗಿ ಮೂಲ್ಯಾಗ ಕೂಡಿಸ್ತಾಳ. ಉಣ್ಣಪ್ಪ, ಮಲಗಪ್ಪ. ಅಷ್ಟೇ. ಇಲ್ಲಿ ಮಳಿ ನಿಂತ್ರ ನಾ ಏಳ್ತೇನಿ. ಮಳಿ ನಿಂತ್ರ ಯಾರಿಗೋ ನಂದು ಕೆಲಸದ. ಅದೊಂದು ಬಿಟ್ರ ನನ್ನ ಕಡೆ ಏನೂ ಉಳದಿಲ್ರಿ. ಅದಕ್ಕ ಮುಚ್ಚಿಟ್ಟೆ… ಏನ್ ಮುಚ್ಚಿಟ್ಟೆ? ಏನಿಲ್ಲ! ಬಾಯಿ ತಪ್ಪಿ ಬಂತು. ಉಪ್ಪಿಂದು. ಉಪ್ಪಿಂದು ಮುಚ್ಚಿಟ್ಟೆ ಅಂದೆ.

ಹಂಗ ನೋಡಬ್ಯಾಡ್ರಿ ನನ್ನ. ಬೈರಿ. ಕಪಾಳಕ್ಕ ಹೊಡೀರಿ. ಸುಮ್ಮ ಕುಂತ್ರ ನನಗ ಜೀವಾ ಹ್ವಾದಂಗ ಆಗ್ತದ. ಅಲ್ಲೇ ಕುಂತು, ನನ್ನ ಮಾರಿ ನೋಡ್ಕೋತ, ಒಂದ ಮಾತೂ ಆಡದ… ಬಾಯಾರ? … ಶಾರದಾಬಾಯಾರ? …

ಯಾರ್ರಿ ಅದು! ನನ್ನ ಹೆಗಲ ಮ್ಯಾಲ… ಬಾಯಾರ? ನೀವಾ? ನೀವು ಈ ಕಡೆ…

ಎಷ್ಟೊತ್ತಾತ್ರಿ ನನ್ನ ಬಾಜೂಕ ಬಂದು ನಿಂತು? … ನಾ ಇಷ್ಟೊತ್ತು ಖಾಲಿ ಕುರ್ಚಿ ಕೂಡ ಮಾತಾಡಾಕತ್ತಿದ್ದೆನೇನು? … ಹೇಳ್ರಿ. … ಹೂಂ. ಬ್ಯಾಡ, ಹೇಳಬ್ಯಾಡ್ರಿ. ಗೊತ್ತಾತು.

ಎರಡೂ ಕಣ್ಣಿಗಿ ಪೊರಿ ಬಂದದ್ರಿ. ಬೆಳಕು, ಕತ್ತಲಿ, ಅಷ್ಟೇ ತಿಳೀತದ. ಆಳಂದದಾಗ ಕಣ್ಣಿನ ಕ್ಯಾಂಪ್ ಹಾಕಿದ್ರು, ಅಂಜಿ ಹೋಗಲಿಲ್ಲ. ನಿಮಗಂತೂ ಹೇಳಬೇಕಾಗಿತ್ತು. ಅಂಜಿದೆ. ಅಂಜಿ ಅಂಜಿ ಎರಡು ವರ್ಷ ಏಳು ಬರದೆ.

ಅಳಬ್ಯಾಡ್ರಿ ನೀವು. ಪೆನ್ನು ತೆಗೀರಿ. ರಜಿಸ್ಟರಿನ್ಯಾಗ ಏಳು ಎಲ್ಲಿಂದ ಸುರು ಆಗ್ತಾವ, ಅಲ್ಲಿಂದ ಇಲ್ಲೀತನಕ ಕಾಟ್ ಹೊಡೀರಿ. ಒಂದೂ ಖರೇ ಅಲ್ಲ. … ಅದರ ಹಿಂದಿನವಾ? ಅವಕ್ಕ ಕೈ ಹಚ್ಚಬ್ಯಾಡ್ರಿ ಬಾಯಾರ. ಅವು ರೇವಮ್ಮ ನೋಡಿ ಹೇಳಿದ್ವು.