ಎಮ್ಮೆಯ ಕಾಲು

ಜೌಗು ಬತ್ತಿದ ಮೇಲೆ ನಮ್ಮೂರು ಚಿಬಾಯಿಶ್‌ನಲ್ಲಿ ಎಲ್ಲರಿಗೂ ಟ್ಯಾಂಕರಿನ ನೀರೇ ಗತಿ. ಇವತ್ತು ಕ್ಯೂನಲ್ಲಿ ನನ್ನ ಮುಂದೆ ಎಮ್ಮೆ ಸಾಕುವ ಮುದುಕ ಚಾಸಿಬ್ ನಿಂತಿದ್ದ. ಅವನ ಮೊಮ್ಮಗಳು ವಬ್ರಿಯಾ ಖಾಲಿ ಕ್ಯಾನಿನ ಮೇಲೆ ಕೂತು ಶಾಲೆಗೆ ವರದಿ ಬರೆಯುತ್ತಿದ್ದಳು.

"ಅಜ್ಜ, ಎಮ್ಮೆ ಬಗ್ಗೆ ನಿಜ ಸಂಗತಿ ಮಾತ್ರ ಬರೀಬೇಕಂತೆ. ಅನ್ಸಿದ್ದೆಲ್ಲ ಬರೀಬಾರ್ದಂತೆ. ಅದು ಎಲ್ಲಿರುತ್ತೆ?"

"ಇದನ್ನೂ ಕೇಳ್ತಾರೇನೇ? ನೀರಲ್ಲಿ."

"ಏನು ತಿನ್ನುತ್ತೆ?"

"ಎಳೇ ಜೊಂಡು."

"ನಮ್ಮದು ಒಣರೊಟ್ಟಿ ತಿನ್ನುತ್ತಲ್ಲ?"

"ಅದು ಹೊಟ್ಟೆಪಾಡು ಕಣೇ. ನೀನು ಜೊಂಡು ಅಂತ ಬರಿ."

ಅವಳು ಬರೆಯಲಿಲ್ಲ. ತಾನು ಬಿಡಿಸಿದ್ದ ಚಿತ್ರ ತೋರಿಸಿದಳು.

"ಥೂ, ಯಾವ ಊರವಳೇ ನೀನು? ಕಾಲು ಯಾಕೆ ಬರ್ದೆ? ತಲೆ, ಕೊಂಬು, ಒಂಚೂರು ಬೆನ್ನು, ಅಷ್ಟೇ. ಮಿಕ್ಕಿದ್ದು ನೀರೊಳಗೆ. ನಮ್ಮಲ್ಲಿ ಎಮ್ಮೆಗೆ ಕಾಲು ಬರೆಯೋರುಂಟೇ?"

"ಕಣ್ಣಾರೆ ಕಂಡಿದ್ದೇ ಬರೀಬೇಕಂತೆ ಅಜ್ಜ. ಕಾಲು ಕಾಣದ ಎಮ್ಮೆ ನಾನು ನೋಡೇ ಇಲ್ಲ."

ಮುದುಕ ಚಿತ್ರವನ್ನು ಮತ್ತೊಮ್ಮೆ ನೋಡಿದ. ಅವಳು ಕಾಲು ಅಳಿಸಲು ರಬ್ಬರ್ ಹುಡುಕತೊಡಗಿದಳು. ಅಷ್ಟರಲ್ಲಿ ಟ್ಯಾಂಕರಿನವನು ಅವರನ್ನು ಕರೆದ.

"ಅಳಿಸ್ಬೇಡ ಬಿಡು," ಅಂದ ಚಾಸಿಬ್, ಕ್ಯಾನು ಎತ್ತಿಕೊಂಡು ಮುಂದೆ ನಡೆಯುತ್ತಾ. "ಪಕ್ಕೆಲುಬನ್ನೂ ಬರಿ."